ಮೀನು ದೀಪ ನೋಡೋಕೆ ಚೀನಾದ ಹಳ್ಳಿಗೆ ಹೋಗೋದು ಹೇಗೆ: ವಾಂಗ್‌ಮಾನ್‌ಟ್ಯೆನ್ ಪ್ರವಾಸದ ಸಮಗ್ರ ಮಾರ್ಗದರ್ಶಿ

ಚೀನಾದ ಅನ್‌ಹ್ವೇ ಪ್ರಾಂತ್ಯದಲ್ಲಿ ಹ್ವಾಂಗ್‌ಶಾನ್ ಅಂತ ಜಿಲ್ಲೆ, ಅದರಲ್ಲಿ ಶೆಶಿಯೆನ್ ಅಂತ ತಾಲ್ಲೂಕು, ಆ ತಾಲ್ಲೂಕಿನ ಬೆಟ್ಟದ ಸಂದಿಯಲ್ಲಿ ವಾಂಗ್‌ಮಾನ್‌ಟ್ಯೆನ್ ಅನ್ನೋ ಹಳ್ಳಿ. ವರ್ಷಕ್ಕೆ ನಾಲ್ಕೇ ರಾತ್ರಿ ಈ ಊರಿನ ಗಂಡಸರು ಏಳೆಂಟು ಮೀಟರ್ ಉದ್ದದ ಮೀನುಗಳನ್ನ ಹೆಗಲ ಮೇಲೆ ಹೊತ್ಕೊಂಡು ಓಣಿ ಓಣಿ ತಿರುಗ್ತಾರೆ. ಬಿದಿರಿನ ದಬ್ಬೆ ಕಟ್ಟಿ, ಮೇಲೆ ಕಾಗದ ಅಂಟಿಸಿ, ಕೆಂಪು ಹಸಿರು ಹಳದಿ ಬಣ್ಣದಲ್ಲಿ ಒಂದೊಂದೇ ಹುರುಪೆ ಬರೆದು, ಹೊಟ್ಟೆ ಒಳಗೆ ದೀಪ ಹಚ್ಚಿರೋ ಮೀನು. ಚೀನೀ ಭಾಷೇಲಿ 'ಯೂ ಡಂಗ್' ಅಂತಾರೆ, ಯೂ ಅಂದ್ರೆ ಮೀನು, ಡಂಗ್ ಅಂದ್ರೆ ದೀಪ.

ನಾನು ಶಾಂಘೈನಲ್ಲಿ ಕೆಲಸದಲ್ಲಿದ್ದಾಗ ಎರಡು ವರ್ಷ ಹೋಗಿದ್ದೆ. ಮೊದಲ ಸಲ ತಪ್ಪು ದಿನ ಹೋದೆ, ತಪ್ಪು ಜಾಗದಲ್ಲಿ ನಿಂತೆ, ವಾಪಸ್ ಬರೋಕೆ ಗಾಡಿ ಇಲ್ದೇ ಒದ್ದಾಡಿದೆ, ಎರಡನೇ ಸಲ ಎಲ್ಲಾ ಸರಿ ಮಾಡ್ಕೊಂಡೆ. ಈಗ ಇಂಡಿಯಾದಿಂದ ಚೀನಾಕ್ಕೆ ನೇರ ವಿಮಾನ ಮತ್ತೆ ಶುರುವಾಗಿರೋದ್ರಿಂದ ಊರಿಂದ ತುಂಬಾ ಜನ ಕೇಳ್ತಿದಾರೆ, ಅದಕ್ಕೆ ಒಂದೇ ಕಡೆ ಪೂರ್ತಿ ಬರೆದಿಡ್ತಿದೀನಿ.

ಮೊದಲು ಇದು ಏನು ಅಂತ ತಿಳ್ಕೊಳ್ಳಿ

ಚೀನಾದ ಲ್ಯಾಂಟರ್ನ್ ಹಬ್ಬ ಅಂದ ತಕ್ಷಣ ನಮ್ಮ ಜನಕ್ಕೆ ತಲೇಲಿ ಬರೋದು ಆಕಾಶಕ್ಕೆ ಹಾರಿಬಿಡೋ ಕಾಗದದ ದೀಪ, ಅದು ತೈವಾನಿನ ಪಿಂಗ್‌ಶಿ ಊರಿನ ಕಡೆ ಪ್ರಸಿದ್ಧ, ಇದು ಅದಲ್ಲ. ಇನ್ನೊಂದು, ಸಿಚ್ವಾನ್ ಪ್ರಾಂತ್ಯದ ಜ್ಸಿಗಾಂಗ್‌ನಲ್ಲಿ ನಡೆಯೋ ದೊಡ್ಡ ದೀಪದ ಪ್ರದರ್ಶನ, ಟಿಕೆಟ್ ತಗೊಂಡು ಒಳಗೆ ಹೋಗಿ ನೋಡೋದು, ವಾರಗಟ್ಟಲೆ ಇರುತ್ತೆ, ಅದೂ ಚೆನ್ನಾಗೇ ಇರುತ್ತೆ ಆದ್ರೆ ಅದೊಂದು ಶೋ. ವಾಂಗ್‌ಮಾನ್‌ಟ್ಯೆನ್‌ದು ಊರವರು ತಮ್ಮ ಮನೆಗಳಿಗೋಸ್ಕರ ಮಾಡ್ಕೊಳ್ಳೋ ಆಚರಣೆ. ನಮ್ಮ ಊರ ದೇವರ ಪಲ್ಲಕ್ಕಿ ಮನೆಮನೆ ಮುಂದೆ ಬರುತ್ತಲ್ಲ, ಹಾಗೆ. ನಾವು ಹೋಗ್ತಿರೋದು ಇನ್ನೊಬ್ಬರ ಊರ ಹಬ್ಬಕ್ಕೆ, ಇಷ್ಟು ಮನಸ್ಸಲ್ಲಿ ಇಟ್ಕೊಂಡ್ರೆ ಮುಂದಿಂದೆಲ್ಲ ಸುಲಭ.

ಮೀನು ಯಾಕೆ ಅಂದ್ರೆ, ಬೆಂಕಿಗೆ ಹೆದರಿ. ಈ ಭಾಗಕ್ಕೆ ಹಳೇ ಹೆಸರು ಹ್ವೇಜೌ, ದೇಶ ಸುತ್ತಿ ದುಡ್ಡು ಮಾಡಿದ ವ್ಯಾಪಾರಿಗಳ ಸೀಮೆ, ಅವರು ಕಟ್ಟಿಸಿದ ಮನೆಗಳೆಲ್ಲ ಒಳಗೆ ಪೂರ್ತಿ ಮರ, ಒಂದಕ್ಕೊಂದು ಅಂಟ್ಕೊಂಡು ನಿಂತಿರ್ತವೆ. ಒಂದು ಮನೆ ಹತ್ಕೊಂಡ್ರೆ ಸಾಲು ಸಾಲೇ ಹೋಗ್ತಿತ್ತು. ಅದಕ್ಕೇ ಮನೆ ಮನೆ ನಡುವೆ ಸೂರಿಗಿಂತ ಎತ್ತರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಎದ್ದ ಬಿಳಿ ಗೋಡೆ, ಇದಕ್ಕೆ ಕುದುರೆ ತಲೆ ಗೋಡೆ ಅಂತಾರೆ, ಬೆಂಕಿ ಪಕ್ಕದ ಮನೆಗೆ ದಾಟಬಾರ್ದು ಅಂತ ಕಟ್ಟಿದ್ದು. ಗೋಡೆ ಸಾಲದು ಅಂತ ನೀರಿನ ಜೀವಿ ಮೀನನ್ನ ಊರಲ್ಲೆಲ್ಲ ಓಡಾಡಿಸೋ ಪದ್ಧತಿ ಬಂತು, ನೀರು ಬೆಂಕಿನ ಗೆಲ್ಲುತ್ತೆ ಅನ್ನೋ ನಂಬಿಕೆ, 600 ವರ್ಷಕ್ಕೂ ಹಿಂದಿಂದು ಅಂತ ಊರವರು ಹೇಳ್ತಾರೆ. ಜೊತೆಗೆ ಚೀನೀ ಭಾಷೇಲಿ ಮೀನು ಅನ್ನೋ ಪದವೂ 'ಮಿಕ್ಕು ಉಳಿಯೋವಷ್ಟು' ಅನ್ನೋ ಪದವೂ ಉಚ್ಚಾರಣೇಲಿ ಒಂದೇ, ಅದಕ್ಕೆ ವರ್ಷದ ಮೊದಲಿಗೆ ಮನೆ ಬಾಗಿಲಿಗೆ ಮೀನು ಬಂದ್ರೆ ಒಳ್ಳೇದು. ನನಗೆ ಮೈ ಜುಂ ಅನ್ಸಿದ್ದು ಯಾವುದು ಅಂದ್ರೆ, ಬೆಂಕಿಗೆ ಅಷ್ಟು ಹೆದರೋ ಊರು ಕಾಗದದ ಹೊಟ್ಟೆ ಒಳಗೆ ಬೆಂಕಿ ಇಟ್ಕೊಂಡು ಮರದ ಮನೆಗಳ ಮಧ್ಯೆ ನಡೆಯುತ್ತೆ, ಅಷ್ಟು ನಂಬಿಕೆ.

ದಿನ ಗೊತ್ತು ಮಾಡ್ಕೊಳ್ಳೋದು, ಎಲ್ಲದಕ್ಕಿಂತ ಮುಖ್ಯ

ಚೀನೀ ಪಂಚಾಂಗದ ಮೊದಲ ತಿಂಗಳಿನ 13ರಿಂದ 16ನೇ ದಿನದವರೆಗೆ ಮೀನು ಹೊರಡುತ್ತೆ. 15ನೇ ದಿನ ಯುವಾನ್‌ಶಿಯಾವ್, ಅಂದ್ರೆ ದೇಶ ಪೂರ್ತಿ ಆಚರಿಸೋ ದೀಪದ ಹಬ್ಬ. ಅವರ ತಿಂಗಳು ಶುರುವಾಗೋದು ಅಮಾವಾಸ್ಯೆಗೆ, ಹಾಗಾಗಿ 15 ಅಂದ್ರೆ ಹೆಚ್ಚುಕಮ್ಮಿ ನಮ್ಮ ಹುಣ್ಣಿಮೆನೇ. 2027ರಲ್ಲಿ ಚೀನೀ ಹೊಸ ವರ್ಷ ಫೆಬ್ರವರಿ 6, ದೀಪದ ಹಬ್ಬ ಫೆಬ್ರವರಿ 20, ನಮ್ಮಲ್ಲಿ ಭಾರತ ಹುಣ್ಣಿಮೆ ಬರೋ ಹೊತ್ತಿಗೇ. ಮೀನಿನ ನಾಲ್ಕು ರಾತ್ರಿ ಫೆಬ್ರವರಿ 18ರಿಂದ 21. 2028ರಲ್ಲಾದ್ರೆ ಹೊಸ ವರ್ಷ ಜನವರಿ 26, ಮೀನಿನ ರಾತ್ರಿಗಳು ಫೆಬ್ರವರಿ 7ರಿಂದ 10. ಕ್ಯಾಲೆಂಡರಿನಲ್ಲಿ ಗುರುತು ಹಾಕೊಳ್ಳಿ, ಮಿಕ್ಕಿದ್ದೆಲ್ಲ ಇಲ್ಲಿಂದ ಹಿಂದಕ್ಕೆ ಲೆಕ್ಕ.

ಎಲ್ರೂ 15ಕ್ಕೇ ಹೋಗ್ಬೇಕು ಅಂತ ಬರ್ತಾರೆ. ನೀವು ಹಾಗೆ ಮಾಡ್ಬೇಡಿ, 13ನೇ ರಾತ್ರಿಗೆ ಹೋಗಿ. ಇತ್ತೀಚಿನ ವರ್ಷಗಳಲ್ಲಿ ಈ ಊರಿನ ವಿಡಿಯೋಗಳು ಓಡಿದ ಮೇಲೆ ಆ ಸಣ್ಣ ಊರಿಗೆ ಬರೋ ಜನ ಹೇಳತೀರದು, 15ನೇ ರಾತ್ರಿ ನಾನು ನೋಡಿದ್ದು ಮುಂದೆ ನಿಂತವರ ಮೇಲೆತ್ತಿದ ಫೋನುಗಳನ್ನೇ. 13ಕ್ಕೆ ಮೀನು ಮೊದಲ ಸಲ ಹೊರಗೆ ಬರುತ್ತೆ, ಕಾಗದ ಇನ್ನೂ ಹೊಸದು, ಹೊರೋ ಹುಡುಗರ ಮುಖದಲ್ಲಿ ಸುಸ್ತಿಲ್ಲ, ಜನವೂ ಕಮ್ಮಿ. ಆಗೋದಾದ್ರೆ 13, 14 ಎರಡೂ ರಾತ್ರಿ ಇಟ್ಕೊಳ್ಳಿ, ಮಳೆ ಬಂದು ಒಂದು ಕೈಕೊಟ್ರೂ ಇನ್ನೊಂದು ಇರುತ್ತೆ.

ವೀಸಾ

ರೀಲ್ಸ್‌ನಲ್ಲಿ 240 ಗಂಟೆ ವೀಸಾ ಬೇಡ ಅಂತ ಹೇಳ್ತಾರಲ್ಲ, ಆ ಸೌಲಭ್ಯದ ದೇಶಗಳ ಪಟ್ಟೀಲಿ ಇಂಡಿಯಾ ಇಲ್ಲ. ಇಂಡಿಯನ್ ಪಾಸ್‌ಪೋರ್ಟಿಗೆ ಟೂರಿಸ್ಟ್ ವೀಸಾ ಬೇಕೇ ಬೇಕು, ಅದಕ್ಕೆ 'ಎಲ್' ವೀಸಾ ಅಂತಾರೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾ ಪಾಸ್‌ಪೋರ್ಟ್ ಇರೋ ಕನ್ನಡದವರ ನಿಯಮ ಬೇರೆ, ಅವರು ತಮ್ಮದನ್ನ ನೋಡ್ಕೋಬೇಕು.

ಕರ್ನಾಟಕ ಬರೋದು ಮುಂಬೈ ಚೀನೀ ಕಾನ್ಸುಲೇಟ್ ವ್ಯಾಪ್ತಿಗೆ. ಅರ್ಜಿ ಆನ್‌ಲೈನ್‌ನಲ್ಲಿ ತುಂಬಬೇಕು, ವಿಮಾನದ ಟಿಕೆಟ್, ಹೋಟೆಲ್ ಬುಕಿಂಗ್, ಬ್ಯಾಂಕ್ ಸ್ಟೇಟ್‌ಮೆಂಟ್ ರೆಡಿ ಇಟ್ಕೊಳ್ಳಿ, ದಿನಕ್ಕೊಂದು ಸಾಲಿನ ಪ್ರವಾಸದ ಪಟ್ಟಿ ಕೂಡ. ತುಂಬಾ ಬೇಗನೂ ಹಾಕ್ಬೇಡಿ, ಸಾಮಾನ್ಯವಾಗಿ ಸಿಂಗಲ್ ಎಂಟ್ರಿ ವೀಸಾ ಕೊಟ್ಟ ದಿನದಿಂದ ಮೂರು ತಿಂಗಳ ಒಳಗೆ ದೇಶದೊಳಗೆ ಕಾಲಿಡ್ಬೇಕು. ತುಂಬಾ ತಡನೂ ಮಾಡ್ಬೇಡಿ, ಹೊಸ ವರ್ಷಕ್ಕೆ ಅವರ ಆಫೀಸುಗಳು ರಜಾ ಮಾಡ್ತವೆ. ಫೆಬ್ರವರಿ ಮಧ್ಯದ ಪ್ರವಾಸಕ್ಕೆ ಡಿಸೆಂಬರ್ ಸರಿಯಾದ ಸಮಯ. ವೀಸಾ ಬಂದ ಮೇಲೆ ಇನ್ನೊಂದು ಸಣ್ಣ ಕೆಲಸ, ಆಗಮನ ಚೀಟಿ, 2025ರ ನವೆಂಬರ್ 20ರಿಂದ ಅದನ್ನ ಆನ್‌ಲೈನ್‌ನಲ್ಲೇ ಮೊದಲೇ ತುಂಬಬಹುದು, ಹೊರಡೋ ಮುಂಚೆ ಮುಗಿಸ್ಕೊಂಡ್ರೆ ಇಳಿದ ಮೇಲೆ ಕ್ಯೂನಲ್ಲಿ ಪೆನ್ನು ಹುಡುಕೋದು ತಪ್ಪುತ್ತೆ.

ವಿಮಾನ, ಆಮೇಲೆ ರೈಲು

ಇಳಿಯೋಕೆ ಒಳ್ಳೇ ಜಾಗ ಶಾಂಘೈ ಇಲ್ಲಾ ಹಾಂಗ್‌ಜೌ. ಬೆಂಗಳೂರಿಂದ ಹಾಂಗ್‌ಕಾಂಗ್, ಸಿಂಗಪುರ, ಕೌಲಾಲಂಪುರ ಅಥವಾ ಬ್ಯಾಂಕಾಕ್ ಮೇಲೆ ಹೋಗಬಹುದು, ಇಲ್ಲಾ ದೆಹಲಿಗೆ ಹೋಗಿ ಅಲ್ಲಿಂದ ಶಾಂಘೈಗೆ ನೇರ. ನನ್ನ ಪ್ರಕಾರ ದಕ್ಷಿಣದವರಿಗೆ ಸಿಂಗಪುರ ಅಥವಾ ಹಾಂಗ್‌ಕಾಂಗ್ ದಾರಿನೇ ಆರಾಮ, ದೆಹಲಿ ಸುತ್ತೋದ್ರಲ್ಲಿ ಒಂದು ದಿನ ಹೋಗುತ್ತೆ.

ಶಾಂಘೈನ ಹೊಂಗ್‌ಚ್ಯಾವ್ ಸ್ಟೇಷನ್‌ನಿಂದ ಬುಲೆಟ್ ಟ್ರೈನ್ ಹತ್ತಿದ್ರೆ ಶೆಶಿಯೆನ್ ಉತ್ತರ ಸ್ಟೇಷನ್‌ಗೆ ಎರಡೂವರೆಯಿಂದ ಮೂರು ಗಂಟೆ. ಹಾಂಗ್‌ಜೌ ಪೂರ್ವ ಸ್ಟೇಷನ್‌ನಿಂದಾದ್ರೆ ಒಂದೂವರೆ ಗಂಟೆ ಆಸುಪಾಸು. ಹಾಂಗ್‌ಜೌ–ಹ್ವಾಂಗ್‌ಶಾನ್ ಹೈಸ್ಪೀಡ್ ಲೈನ್ 2018ರ ಡಿಸೆಂಬರ್ 25ರಂದು ಶುರುವಾಗಿದ್ದು, ಅದಕ್ಕೂ ಮುಂಚೆ ಈ ಕಡೆ ಬರೋದು ದೊಡ್ಡ ಪ್ರಯಾಸ. ಎಲ್ಲಾ ಟ್ರೈನೂ ಶೆಶಿಯೆನ್‌ನಲ್ಲಿ ನಿಲ್ಲಲ್ಲ, ಸಿಗದಿದ್ರೆ ಪಕ್ಕದ ದೊಡ್ಡ ಸ್ಟೇಷನ್ ಹ್ವಾಂಗ್‌ಶಾನ್ ಉತ್ತರಕ್ಕೆ ತಗೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ. ಹೊಸ ವರ್ಷಕ್ಕೆ 15 ದಿನ ಮುಂಚಿನಿಂದ 25 ದಿನ ಆದ ಮೇಲಿನವರೆಗೂ ಚೀನಾದಲ್ಲಿ ಪ್ರಯಾಣದ ಮಹಾ ಸೀಸನ್, ಒಟ್ಟು 40 ದಿನ, ಊರಿಗೆ ಹೋದ ಕೋಟಿಗಟ್ಟಲೆ ಜನ ಕೆಲಸಕ್ಕೆ ವಾಪಸ್ ಬರೋದೂ ಇದರಲ್ಲೇ, ನಾವು ನೋಡೋಕೆ ಹೋಗೋ ಈ ದೀಪದ ಹಬ್ಬವೂ ಇದರ ಒಳಗೇ ಬೀಳುತ್ತೆ. ಟಿಕೆಟ್ ಬಿಡೋದು 15 ದಿನ ಮುಂಚೆ. ಸರ್ಕಾರಿ ರೈಲ್ವೆ ಆ್ಯಪ್ 12306ರಲ್ಲಿ ಇಂಗ್ಲಿಷ್ ಇದೆ, ಆದ್ರೆ ಪಾಸ್‌ಪೋರ್ಟ್ ವೆರಿಫೈ ಆಗೋಕೆ ಸಮಯ ಬೇಕು ಅದಕ್ಕೆ ಖಾತೆ ತಿಂಗಳ ಮುಂಚೆನೇ ಮಾಡ್ಕೊಳ್ಳಿ, ಇಲ್ಲಾ ಟ್ರಿಪ್ ಡಾಟ್ ಕಾಮ್‌ನಲ್ಲಿ ತಗೊಳ್ಳಿ. ಹೋಗೋದಕ್ಕಿಂತ ವಾಪಸ್ ಶಾಂಘೈ ಕಡೆ ಬರೋ ಟಿಕೆಟ್ ಕಷ್ಟ, ಅದನ್ನ ಮೊದಲು ನೋಡಿ. ಟಿಕೆಟ್ ಪ್ರಿಂಟ್ ಏನೂ ಬೇಡ, ಪಾಸ್‌ಪೋರ್ಟೇ ಟಿಕೆಟ್, ಆದ್ರೆ ಆಟೋಮ್ಯಾಟಿಕ್ ಗೇಟ್ ನಮ್ಮ ಪಾಸ್‌ಪೋರ್ಟ್ ಓದದೇ ಇರಬಹುದು, ಅಂಚಿನಲ್ಲಿ ಸಿಬ್ಬಂದಿ ನಿಂತಿರೋ ಗೇಟಿಗೆ ಸೀದಾ ಹೋಗಿ.

ದುಡ್ಡು, ಫೋನು

ಯುಪಿಐ ಮರೆತುಬಿಡಿ. ಅಲಿಪೇ ಮತ್ತು ವೀಚ್ಯಾಟ್ ಎರಡನ್ನೂ ಇಲ್ಲೇ, ಮನೇಲಿ ಕೂತಾಗಲೇ ಹಾಕೊಂಡು ವೀಸಾ ಅಥವಾ ಮಾಸ್ಟರ್‌ಕಾರ್ಡ್ ಲಿಂಕ್ ಮಾಡಿ, ಬ್ಯಾಂಕಿನ ಒಟಿಪಿ ನಿಮ್ಮ ಇಂಡಿಯಾ ನಂಬರಿಗೇ ಬರೋದ್ರಿಂದ ಅಲ್ಲಿ ಹೋಗಿ ಮಾಡ್ತೀನಿ ಅಂದ್ರೆ ಸಿಕ್ಕಾಕೊಳ್ತೀರ. ಕಾರ್ಡಿನಲ್ಲಿ ಇಂಟರ್‌ನ್ಯಾಷನಲ್ ಟ್ರಾನ್ಸಾಕ್ಷನ್ ಆನ್ ಇದೆಯಾ ನೋಡಿ. ಅಲಿಪೇನಲ್ಲಿ 200 ಯುವಾನ್ ಒಳಗಿನ ಬಿಲ್ಲಿಗೆ ಫೀಸಿಲ್ಲ, ಅದಕ್ಕೆ ಮೇಲಾದ್ರೆ ಶೇಕಡಾ 3. ಹಳ್ಳೀಲಿ ಅಜ್ಜಿ ಮಾರೋ ಬಿಸಿ ಗೆಣಸಿಗೂ ಕ್ಯೂಆರ್ ಇರುತ್ತೆ, ಆದ್ರೂ ಜನ ಜಾಸ್ತಿಯಾದ ರಾತ್ರಿ ನೆಟ್‌ವರ್ಕ್ ಸತ್ತುಹೋಗುತ್ತೆ, ಸಣ್ಣ ನೋಟು ಒಂದಿಷ್ಟು ಜೇಬಲ್ಲಿರಲಿ.

ಗೂಗಲ್, ವಾಟ್ಸ್ಯಾಪ್, ಇನ್‌ಸ್ಟಾ ಅಲ್ಲಿನ ವೈಫೈನಲ್ಲಿ ಓಡಲ್ಲ. ನಮ್ಮ ಸಿಮ್‌ನ ರೋಮಿಂಗ್ ಅಥವಾ ಹೊರದೇಶದ ಇ-ಸಿಮ್ ಇದ್ರೆ ಓಡ್ತವೆ. ಮ್ಯಾಪಿಗೆ ಅಲ್ಲಿಂದೇ ಆದ ಗಾವ್‌ದ (ಅಮ್ಯಾಪ್) ಹಾಕೊಳ್ಳಿ. ಊರಿನ ಹೆಸರು, ಹೋಟೆಲ್ ವಿಳಾಸ, 'ನಾನು ಸಸ್ಯಾಹಾರಿ' ಅನ್ನೋ ವಾಕ್ಯ, ಇವಿಷ್ಟನ್ನೂ ಚೀನೀ ಅಕ್ಷರದಲ್ಲಿ ಸ್ಕ್ರೀನ್‌ಶಾಟ್ ಮಾಡಿ ಇಟ್ಕೊಳ್ಳಿ, ನೆಟ್ ಇಲ್ದೇ ಇದ್ರೂ ತೋರಿಸಬಹುದು.

ಎಲ್ಲಿ ಉಳ್ಕೊಳ್ಳೋದು

ಹಳ್ಳಿ ಒಳಗೆ ಮನೆ ಸಿಕ್ಕಿದ್ರೆ ಅದೃಷ್ಟ, ಸಿಗೋದು ಕಮ್ಮಿ. ವಿದೇಶದವರು ಎಲ್ಲೇ ಇಳ್ಕೊಂಡ್ರೂ 24 ಗಂಟೆ ಒಳಗೆ ಪೊಲೀಸ್ ರಿಜಿಸ್ಟ್ರೇಷನ್ ಆಗ್ಬೇಕು, ಹೋಟೆಲಾದ್ರೆ ಅವರೇ ಮಾಡ್ತಾರೆ, ಸಣ್ಣ ಮನೆಗಳಿಗೆ ಈ ಕೆಲಸ ಗೊತ್ತಿರಲ್ಲ. ಅದಕ್ಕೆ ಶೆಶಿಯೆನ್ ಪೇಟೇಲಿ, ಹಳೇ ಹ್ವೇಜೌ ಕೋಟೆ ಊರಿನ ಹತ್ರ ರೂಮ್ ಮಾಡಿ. ಹಗಲು ಹೊತ್ತಲ್ಲಿ ಅಲ್ಲೇ 1584ರ ಶೂಗ್ವೋ ಕಲ್ಲಿನ ಕಮಾನು ನೋಡಬಹುದು, ಎಂಟು ಕಂಬದ್ದು, ನಾಲ್ಕೂ ಕಡೆಯಿಂದ ಬಾಗಿಲಿನ ಹಾಗೆ. ಇಲ್ಲಾ ಟುನ್‌ಶಿ ಪೇಟೆ, ಹೋಟೆಲುಗಳು ಜಾಸ್ತಿ ಆದ್ರೆ ಹಳ್ಳಿ ಇನ್ನೂ ದೂರ ಆಗುತ್ತೆ.

ರೂಮ್ ಬುಕ್ ಮಾಡ್ವಾಗ ಹೀಟರ್ ಇದೆಯಾ ಅಂತ ಕೇಳ್ಲೇಬೇಕು. ಚೀನಾದ ಉತ್ತರದ ಊರುಗಳಿಗೆ ಚಳಿಗಾಲದಲ್ಲಿ ಸರ್ಕಾರದ ಕೇಂದ್ರೀಯ ಹೀಟಿಂಗ್ ಇರುತ್ತೆ, ದಕ್ಷಿಣಕ್ಕೆ ಇಲ್ಲ, ಈ ಸೀಮೆ ದಕ್ಷಿಣಕ್ಕೆ ಸೇರಿದ್ದು. ಫೆಬ್ರವರೀಲಿ ರಾತ್ರಿ ಸೊನ್ನೆ ಹತ್ರ ಹೋಗುತ್ತೆ, ಜೊತೆಗೆ ಜಿಟಿಜಿಟಿ ಮಳೆ, ಆ ಒದ್ದೆ ಚಳಿ ಮೂಳೆಗೆ ಇಳಿಯುತ್ತೆ. ಒಳಗೆ ಥರ್ಮಲ್, ಉಣ್ಣೆ ಕಾಲುಚೀಲ ಎರಡು ಜೊತೆ, ನೀರು ಹೋಗದ ಶೂ. ಮೇಲಿನ ಜಾಕೆಟ್ ಹಳೇದಿರಲಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಹಳ್ಳಿಗೆ ಹೋಗಿ ಬರೋ ಗಾಡಿ

ಶೆಶಿಯೆನ್ ಪೇಟೆಯಿಂದ ಬೆಟ್ಟದ ರಸ್ತೆ, ಸುಮಾರು ಒಂದು ಗಂಟೆ ಅಂತ ಇಟ್ಕೊಳ್ಳಿ, ಹಬ್ಬದ ಸಂಜೆ ಅದು ಎಷ್ಟು ಬೇಕಾದ್ರೂ ಆಗಬಹುದು. ಜನ ಮಿತಿ ಮೀರಿದಾಗ ಗಾಡಿಗಳನ್ನ ಕೆಳಗೇ ನಿಲ್ಲಿಸ್ತಾರೆ. ಆಯಾ ವರ್ಷದ ಪ್ರವೇಶದ ವ್ಯವಸ್ಥೆ, ಮೊದಲೇ ಹೆಸರು ಬರೆಸ್ಬೇಕಾ, ಶಟಲ್ ಬಸ್ ಎಲ್ಲಿಂದ, ಇದನ್ನೆಲ್ಲ ಹೋಟೆಲ್ ಕೌಂಟರಿನಲ್ಲಿ ಎರಡು ದಿನ ಮುಂಚೆ ಕೇಳಿ ಫೋನ್ ಮಾಡಿಸಿ.

ಮೊದಲ ವರ್ಷ ನಾನು ಆ್ಯಪ್‌ನಲ್ಲಿ ಕಾರ್ ಹಿಡಿದು ಮೇಲಕ್ಕೆ ಹೋದೆ. ಹೋಗೋಕೆ ಏನೂ ತೊಂದ್ರೆ ಆಗ್ಲಿಲ್ಲ, ರಾತ್ರಿ ಹತ್ತಕ್ಕೆ ವಾಪಸ್ ಬರೋಕೆ ಒಂದು ಕಾರೂ ಒಪ್ಪಲಿಲ್ಲ, ಮಳೇಲಿ ಮುಕ್ಕಾಲು ಗಂಟೆ ಕತ್ತಲೆ ರಸ್ತೇಲಿ ಇಳಿದೆ, ಆಮೇಲೆ ಕುಟುಂಬ ಸಮೇತ ಬರ್ತಿದ್ದ ಒಬ್ಬರು ನಿಲ್ಲಿಸಿ ಹತ್ತಿಸ್ಕೊಂಡ್ರು. ಮಕ್ಕಳು ವಯಸ್ಸಾದವರು ಜೊತೆಗಿದ್ರೆ ಏನಾಗ್ತಿತ್ತು ಅಂತ ಈಗಲೂ ನೆನಪಾಗುತ್ತೆ. ಹಾಗಾಗಿ ಹೋಟೆಲಿನವರ ಮೂಲಕ ಹೋಗಿ ಬರೋದಕ್ಕೂ ಒಂದೇ ಡ್ರೈವರನ್ನ ಮಾತಾಡಿ, ಕಾಯೋ ದುಡ್ಡೂ ಸೇರಿಸಿ, ನಿಲ್ಲಿಸೋ ಜಾಗದ ಫೋಟೋ ತಗೊಂಡಿರಿ.

ಹಗಲೇ ಊರು ಸೇರ್ಕೊಳ್ಳಿ

ಮಧ್ಯಾಹ್ನ ಎರಡರ ಹೊತ್ತಿಗೆ ಅಲ್ಲಿರಿ. ಸಂಜೆ ಬರೋರು ಮೀನು ಮಾತ್ರ ನೋಡ್ತಾರೆ, ಹಗಲು ಬಂದೋರು ಊರು ನೋಡ್ತಾರೆ. ಒಂದು ಪಡಸಾಲೇಲಿ ನಾನು ನೋಡಿದ್ದು: ಅರ್ಧ ಮೀನು ಅಡ್ಡ ಮಲಗಿತ್ತು, ಬಾಲದ ಹತ್ರ ಕಾಗದ ಅಂಗೈ ಅಗಲ ಹರಿದಿತ್ತು. ವಯಸ್ಸಾದ ಒಬ್ಬ ತಾತ ಮೊಣಕಾಲೂರಿ ಹರಿದ ಅಂಚನ್ನ ಬೆರಳಲ್ಲಿ ಒದ್ದೆ ಮಾಡಿ ಸವರಿ ಸಪಾಟು ಮಾಡಿದ್ರು, ಬಟ್ಟಲಿನಲ್ಲಿದ್ದ ಅಂಟನ್ನ ದಬ್ಬೆಗೆ ಹಚ್ಚಿ ಹೊಸ ಕಾಗದ ಇಟ್ಟು ಬಾಯಿಂದ ಊದಿ ಊದಿ ಒಣಗಿಸಿದ್ರು. ಅದು ಒಣಗೋವರೆಗೂ ಕಾದು ಸಣ್ಣ ಕುಂಚದಲ್ಲಿ ಮೂರು ಹುರುಪೆ ಬರೆದ್ರು, ಪಕ್ಕದ ಹಳೇ ಹುರುಪೆ ಜೊತೆ ಬಣ್ಣ ಹೊಂದದೇ ಇದ್ದಿದ್ದಕ್ಕೆ ಎರಡು ಸಲ ಒರೆಸಿ ಮತ್ತೆ ಬರೆದ್ರು. ನಾವು ಚಿಕ್ಕವರಿದ್ದಾಗ ಮಂಗಳೂರು ಕಡೆ ದೀಪಾವಳಿಗೆ ಗೂಡುದೀಪ ಕಟ್ತಿದ್ವಲ್ಲ, ಅದೇ ಬಿದಿರು ಅದೇ ಕಾಗದ ಅದೇ ಅಂಟಿನ ವಾಸನೆ, ಅಲ್ಲೇ ಕೂತುಬಿಟ್ಟೆ. ಒಂದು ಲೋಟ ಬಿಸಿ ಟೀ ಕೊಟ್ರು. ಹ್ವಾಂಗ್‌ಶಾನ್ ಮಾವ್‌ಫೆಂಗ್ ಅನ್ನೋ ಹಸಿರು ಟೀ ಬೆಳೆಯೋದು ಈ ಸೀಮೆಯಲ್ಲೇ.

ಒಳಗೆ ಹೋಗೋ ಮುಂಚೆ ಬಾಗಿಲಲ್ಲಿ ನಿಂತು 'ನೀ ಹಾವ್' ಅನ್ನಿ, ಕರೆದ್ರೆ ಹೋಗಿ. ಹೊಸಲು ತುಳೀಬೇಡಿ, ನಮ್ಮಲ್ಲಿ ಹೇಗೋ ಅಲ್ಲೂ ಹಾಗೇ. ಪೂರ್ವಜರ ಪೂಜೆ ಮನೇಲಿ ಫೋಟೋ ಕೇಳಿ ತೆಗೀರಿ. ಡ್ರೋನ್ ತರ್ಲೇಬೇಡಿ.

ರಾತ್ರಿ ಎಲ್ಲಿ ನಿಲ್ಬೇಕು, ಹೇಗೆ ನಿಲ್ಬೇಕು

ಕತ್ತಲಾದ ಮೇಲೆ ಜಾಗಟೆ ಡೋಲು ಶುರುವಾಗುತ್ತೆ. ಎಲ್ರೂ ಮೀನು ಹೊರಡೋ ಕಡೆ ನುಗ್ತಾರೆ, ನೀವು ಹಗಲೇ ನೋಡಿಟ್ಕೊಂಡ ಯಾವುದಾದ್ರೂ ಓಣಿ ತಿರುವಿನಲ್ಲಿ, ಮನೆಯವರನ್ನ ಕೇಳಿ ಅವರ ಮೆಟ್ಟಿಲ ಮೇಲೆ ನಿಂತ್ಕೊಳ್ಳಿ. ತಿರುವು ಯಾಕಂದ್ರೆ ಅಲ್ಲಿ ಮೀನು ನಿಧಾನ ಆಗ್ಲೇಬೇಕು. ಮೊದಲು ಎದುರಿನ ಬಿಳಿ ಗೋಡೆ ಮೇಲೆ ಕೆಂಪು ಬೆಳಕು ಬೀಳುತ್ತೆ, ಆಮೇಲೆ ಹೊತ್ತವರ ಕೂಗು, ಬಿದಿರು ಕಿರ್ ಕಿರ್ ಅನ್ನೋ ಸದ್ದು, ಆಮೇಲೆ ಗೋಡೆ ಮೂಲೆಯಿಂದ ಒಂದು ದೊಡ್ಡ ಕಣ್ಣು. ಮುಂದಿನವರು ಎಡಕ್ಕೆ ಎಳೆದ್ರೆ ಹಿಂದಿನವರು ಬಲಕ್ಕೆ ಹೋಗ್ಬೇಕು, ಆ ಎಳೆದಾಟದಲ್ಲೇ ಇಡೀ ಮೈ ಬಳುಕುತ್ತೆ, ಒದ್ದೆ ಕಲ್ಲು ಹಾಸಿನ ಮೇಲೆ ಅದರ ನೆರಳಲ್ಲ, ಬೆಳಕು ಈಜ್ತಾ ಹೋಗುತ್ತೆ. ಪುಟ್ಟ ಮಕ್ಕಳು ತಮ್ಮ ತಮ್ಮ ಸಣ್ಣ ಮೀನು ಹಿಡ್ಕೊಂಡು ಜೊತೆಗೆ ಓಡ್ತಾರೆ. ಮೀನು ಬಾಗಿಲಿಗೆ ಬಂದಾಗ ಮನೆಯವರು ಪಟಾಕಿ ಸರ ಹಚ್ಚಿ ಸ್ವಾಗತ ಮಾಡ್ತಾರೆ.

ಹಳೇ ಜಾಕೆಟ್ ಅಂದಿದ್ದು ಈ ಪಟಾಕಿಗೆ. ಕಿಡಿ ಹಾರುತ್ತೆ, ನೈಲಾನ್ ಜಾಕೆಟ್ ತೂತು ಬೀಳುತ್ತೆ, ಮೇಲೆ ದಪ್ಪ ಹತ್ತಿ ಬಟ್ಟೆ ಒಳ್ಳೇದು. ಮಕ್ಕಳ ಕಿವಿಗೆ ಹತ್ತಿ, ಹೊಗೆಗೆ ಒಂದು ಮಾಸ್ಕ್. ಮೀನು ಹೊತ್ತವರಿಗೆ ಥಟ್ ಅಂತ ನಿಲ್ಲೋಕಾಗಲ್ಲ, ಕಾಲ ಕೆಳಗೂ ಕಾಣಲ್ಲ, ಹಾಗಾಗಿ ಅವರ ಮುಂದೆ ಹಿಮ್ಮುಖವಾಗಿ ನಡೀತಾ ವಿಡಿಯೋ ಮಾಡೋದು ನಿಜಕ್ಕೂ ಅಪಾಯ, ದಯವಿಟ್ಟು ಮಾಡ್ಬೇಡಿ. ಫ್ಲ್ಯಾಶ್ ಆಫ್ ಮಾಡಿ, ದೀಪದ ಬೆಳಕು ಸತ್ತುಹೋಗುತ್ತೆ ಹೊತ್ತವರ ಕಣ್ಣಿಗೂ ಹೊಡೆಯುತ್ತೆ. ನನ್ನ ಮಾತು ಕೇಳೋದಾದ್ರೆ ಎರಡು ನಿಮಿಷ ತೆಗೆದು ಫೋನ್ ಜೇಬಿಗೆ ಹಾಕಿ.

ಊಟದ ವಿಷಯ

ದೀಪದ ಹಬ್ಬದ ತಿಂಡಿ ಟಾಂಗ್‌ಯುವಾನ್, ಅಂಟಕ್ಕಿ ಹಿಟ್ಟಿನ ಉಂಡೆ ಒಳಗೆ ಕರಿ ಎಳ್ಳು ಸಕ್ಕರೆ ಹೂರಣ, ಬಿಸಿ ನೀರಲ್ಲಿ ತೇಲಿಸಿ ಕೊಡ್ತಾರೆ, ಕಚ್ಚಿದ್ರೆ ಎಳ್ಳುಂಡೆ ಕರಗಿ ಬಾಯಿಗೆ ಬಂದ ಹಾಗೆ. ಆದ್ರೆ ಸಸ್ಯಾಹಾರಿಗಳು ಗಮನಿಸಿ, ಸಾಂಪ್ರದಾಯಿಕ ಎಳ್ಳಿನ ಹೂರಣಕ್ಕೆ ಹಂದಿ ಕೊಬ್ಬು ಹಾಕ್ತಾರೆ. ಸೂಪರ್‌ಮಾರ್ಕೆಟ್ ಪ್ಯಾಕೆಟ್ ಆದ್ರೆ ಹಿಂದಿನ ಪದಾರ್ಥದ ಪಟ್ಟಿನ ಫೋನಿನ ಅನುವಾದದಲ್ಲಿ ಓದಿ. ಅಲ್ಲಿ ಬೀದಿ ಬದಿ ಸಿಗೋ ಹ್ವಾಂಗ್‌ಶಾನ್ ಶಾವ್‌ಬಿಂಗ್ ಅನ್ನೋ ಗರಿಗರಿ ರೊಟ್ಟೀಲೂ ಹಂದಿ ಇರುತ್ತೆ. ಮಾವ್‌ದೌಫು ಅಂತ ಬೂಸ್ಟು ಬರಿಸಿದ ತೋಫು ಇದೆ, ಎಣ್ಣೇಲಿ ಹುರಿದು ಖಾರ ಸವರಿ ಕೊಡ್ತಾರೆ, ನೋಡೋಕೆ ಹೆದರಿಕೆ ಆದ್ರೂ ತಿನ್ನೋಕೆ ಬಲು ರುಚಿ, ಯಾವ ಎಣ್ಣೆ ಅಂತ ಕೇಳಿ. 'ವೊ ಛ್ ಸೂ' ಅಂದ್ರೆ ನಾನು ಸಸ್ಯಾಹಾರಿ. ಊರಿಂದ ಚಟ್ನಿಪುಡಿ, ರೆಡಿ ಅವಲಕ್ಕಿ ತಂದಿದ್ರೆ ಹೋಟೆಲ್ ಕೆಟಲ್‌ನಲ್ಲಿ ಒಂದು ಹೊತ್ತು ಕಳೆಯುತ್ತೆ.

ದಿನಗಳ ಹಂಚಿಕೆ, 2027ಕ್ಕೆ

ಫೆಬ್ರವರಿ 16ಕ್ಕೆ ಶಾಂಘೈ ಇಳಿದು ಸಂಜೆ ಯುಯುವಾನ್ ತೋಟದ ದೀಪಗಳು, ಒಗಟು ಬರೆದ ಚೀಟಿ ದೀಪಕ್ಕೆ ತೂಗುಹಾಕಿ ಬಿಡಿಸೋದು ಈ ಹಬ್ಬದ ಹಳೇ ಆಟ. 17ಕ್ಕೆ ಟ್ರೈನ್, ಶೆಶಿಯೆನ್. 18 ಮತ್ತು 19 ಹಳ್ಳಿ, ಎರಡನೇ ಹಗಲು ನಿದ್ದೆ ಮಾಡಿ. ಅದೇ ತಾಲ್ಲೂಕಿನ ಜಾನ್‌ಚಿ ಅನ್ನೋ ಊರಲ್ಲೂ ಮೀನು ದೀಪ ಇದೆ, ಎರಡನೇ ರಾತ್ರಿ ಅದಕ್ಕೆ ಹೋಗೋದೂ ಒಂದು ಆಯ್ಕೆ. 20ಕ್ಕೆ ಹೊಂಗ್‌ತ್ಸುನ್, 2000ದಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಊರು, ಹುಣ್ಣಿಮೆ ದಿನ ಅಲ್ಲಿನ ಅರ್ಧಚಂದ್ರ ಕೊಳದ ದಡದಲ್ಲಿ ಇರಿ. 21ಕ್ಕೆ ವಾಪಸ್.

ಮೀನು ಮನೆಗೆ ತರೋದು

ಸಣ್ಣ ಮೀನು ದೀಪ ಊರವರ ಹತ್ರನೇ ತಗೊಳ್ಳಿ, ಸ್ಟೇಷನ್ ಅಂಗಡೀಲಿ ಬೇಡ, ಮಾಡಿದವರ ಕೈಗೆ ದುಡ್ಡು ಹೋಗ್ಲಿ. ಜೋಡಿಸದೇ ಇರೋದು ಸಿಕ್ಕಿದ್ರೆ ಬಿದಿರು ಬೇರೆ ಕಾಗದ ಬೇರೆ ತರೋದು ಸುಲಭ. ಜೋಡಿಸಿದ್ದಾದ್ರೆ ಒಳಗೆ ಕಾಲುಚೀಲ ತುರುಕಿ, ರೆಕ್ಕೆ ಬಾಲಕ್ಕೆ ರಟ್ಟು ಕಟ್ಟಿ, ಕೈಯಲ್ಲೇ ಹಿಡ್ಕೊಂಡು ಬನ್ನಿ, ಸೂಟ್‌ಕೇಸಿಗೆ ಹಾಕಿದ್ರೆ ದಬ್ಬೆ ಮುರಿಯುತ್ತೆ. ಒಳಗಿನ ಲೈಟಿನ ಬ್ಯಾಟರಿ ಬಿಚ್ಚಿ ಕ್ಯಾಬಿನ್ ಬ್ಯಾಗಿಗೆ ಹಾಕಿ. ಚೀನಾ ಒಳಗೆ ವಿಮಾನ ಹತ್ತೋದಿದ್ರೆ ಪವರ್ ಬ್ಯಾಂಕ್ ಮೇಲೆ '3ಸಿ' ಅನ್ನೋ ಚೀನಾದ ಸುರಕ್ಷತಾ ಮುದ್ರೆ ಇರ್ಬೇಕು, 2025ರ ಜೂನ್ 28ರಿಂದ ಆ ನಿಯಮ, ಇಲ್ಲಾಂದ್ರೆ ಸೆಕ್ಯೂರಿಟೀಲೇ ಬಿಡಿಸ್ಕೊಳ್ತಾರೆ, ಅದಕ್ಕೆ ರೈಲಿನಲ್ಲೇ ಓಡಾಡಿ ಅಥವಾ ಅಲ್ಲೇ ಒಂದು ತಗೊಳ್ಳಿ.